ಸ್ಥಳ ಕೇಳದ ಸಾರಥಿ

ನಮ್ಮ ಸರ್ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದವನು ಸಿರಿಗೇರಿ. ಅವನಿಗೆ ಹೆತ್ತವರು ಇಟ್ಟ ಚಂದದ ಹೆಸರೊಂದು ಇದೆ. ಆದರೆ ಕಾಲೇಜಿನ ಮೊದಲ ದಿನ ಸರ್ ಅವನನ್ನು ಊರಿನ ಹೆಸರಿನಿಂದ ಕರೆದರು, ಅಲ್ಲಿಗೆ ಮುಗಿಯಿತು. ಈಗ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಾದರೂ ನಮಗೆ ಅವನು ಸಿರಿಗೇರಿಯೇ, ಅವನಿಗೆ ನಾನು ಸಿರುಗುಪ್ಪವೇ. "ಏ ಸಿರುಗುಪ್ಪಾ, ಸರ್ ಹೋಗಿಬಿಟ್ರವಾ," ಎಂದ. ನಾನು ಅಲ್ಲೇ ಕುಸಿದು ಕೂತು ಅತ್ತೆ. ಸಾಕಷ್ಟು ಅತ್ತಾದ ಮೇಲೆ ಮುಖ ತೊಳೆದುಕೊಂಡು, ಇಬ್ಬರೂ ಕೂಡಿ ಕುರುಗೋಡಿಗೆ ಹೋದೆವು.

ಅಲ್ಲಿ ನೋಡಿದರೆ ಯಾರೂ ಅಳುತ್ತಿರಲಿಲ್ಲ. ಸರ್ ಅವರನ್ನು ವಿಭೂತಿ ಹಚ್ಚಿ, ಹೂ ಏರಿಸಿ ಪಡಸಾಲೆಯಲ್ಲಿ ಕೂರಿಸಿದ್ದರು. ತುಂಬು ವಯಸ್ಸು, ಮಲಗಿದಲ್ಲೇ ಹೋದ ಜೀವ. ಸುತ್ತ ಅವರ ಬಯಲಾಟದ ಮೇಳದ ಮುದುಕರು ಮದ್ದಳೆ, ತಾಳ ತಂದು ಹಾಡುತ್ತಿದ್ದರು. ನಡುನಡುವೆ ಹಾಡು ನಿಲ್ಲಿಸಿ ಸರ್ ಬಗ್ಗೆ ಏನೋ ಒಂದು ನೆನೆದು ಹೊಟ್ಟೆ ಹಿಡಿದು ನಗುತ್ತಿದ್ದರು. ಸರ್ ಅವರ ಹೆಂಡತಿ, ಆದೋನಿ ಕಡೆಯ ತೆಲುಗಿನ ಹೆಣ್ಣುಮಗಳು, ನನ್ನನ್ನು ನೋಡಿ, "ನೀನೂ ಏನರ ಒಂದು ಹೇಳಮ್ಮಾ. ಎಲ್ಲಾರೂ ಹೇಳ್ಯಾರ," ಎಂದರು. ನಾನು ಆ ಹೊತ್ತಿಗೆ ಏನೂ ಹೇಳಲಾರದೆ ಹೋದೆ. ಈಗ ಹೇಳುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬಳ್ಳಾರಿಯಲ್ಲಿ ಅವರ ಬಳಿ ಓದಿದವರಿಗೆ ಹೆಸರು ಬೇಕಾಗಿಲ್ಲ, ಓದದವರಿಗೆ ಹೆಸರು ಹೇಳಿ ಪ್ರಯೋಜನವಿಲ್ಲ.

ಎಂಬತ್ತರ ದಶಕದ ನಡುಭಾಗ. ಬಳ್ಳಾರಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಮೊದಲ ತಂಡ ನಮ್ಮದು. ಹುಡುಗರ ಗುಂಪಿನಲ್ಲಿ ನಾವು ಬೆರಳೆಣಿಕೆಯ ಹುಡುಗಿಯರು. ಸರ್ ಆಗ ನಲವತ್ತರ ಆಸುಪಾಸು. ದಪ್ಪ ಮೈ, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಬಿಳಿ ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ, ಕೆಳಗೆ ಸದಾ ಪುಟಪುಟ ಎನ್ನುವ ಒಂದು ಲೂನಾ. ಆ ಲೂನಾದ ಮೇಲೆ ಅವರು ಕೂತರೆ ಲೂನಾ ಕಾಣುತ್ತಿರಲಿಲ್ಲ, ಸರ್ ಗಾಳಿಯಲ್ಲೇ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ದನಿಯಂತೂ ಕೇಳಬೇಡಿ. ಅವರು ಮೇಲಿನ ಮಹಡಿಯಲ್ಲಿ ಪಾಠ ಮಾಡಿದರೆ ಕೆಳಗೆ ಸಿವಿಲ್ ಹುಡುಗರು ನೋಟ್ಸ್ ಬರೆದುಕೊಳ್ಳುತ್ತಿದ್ದರು.

ಅವರಿಗೆ ಒಂದು ಚಟ. ಏನೇ ಇರಲಿ ಕೇಳಬೇಕು. ಕಾಲೇಜಿನ ಎದುರಿನ ಅಂಗಡಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ಹೋದರೆ, "ಮೆಣಸಿನಕಾಯಿ ಎಲ್ಲೀವು? ಎಣ್ಣಿ ಯಾವಾಗ ಬದಲ್ ಮಾಡೀರಿ? ಇದು ಮುಂಜಾನೀದೋ ಈಗಿಂದೋ?" ಎಂದು ಶುರು. ಅಂಗಡಿಯವನು ಕೈಮುಗಿದು, "ಸರ, ಮೊದ್ಲು ತಿನ್ರಿ, ಆಮೇಲೆ ಬೇಕಾರ ಬೈರಿ," ಎನ್ನುತ್ತಿದ್ದ. ನಾವು ಏನಾದರೂ ತಪ್ಪು ಮಾಡಿದರೆ ಅವರ ಮೊದಲ ಮಾತು, "ಕೇಳಿದೇನು?" ಎಂಬುದು. ಪ್ರೋಗ್ರಾಮು ಕೆಟ್ಟಿತೇ? "ಕೇಳಿದೇನು?" ಫಿಲಂ ಟಿಕೆಟ್ ಸಿಗಲಿಲ್ಲವೇ? "ಕೇಳಿದೇನು?" ಅಂದುಕೊಂಡು ಕೂರುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಅನ್ಕೊಂಡೆ ಅಂತ ನನ್ನ ಮುಂದ ಅನಬ್ಯಾಡ್ರಿ. ಅನ್ಕೊಳ್ಳಾಕ ಸಾಲಿಗೆ ಯಾಕ ಬರ್ಬೇಕು, ಮನ್ಯಾಗ ಮಕ್ಕೊಂಡು ಅನ್ಕೋಬಹುದಲ್ಲ!" ಎನ್ನುತ್ತಿದ್ದರು.

ಆಪರೇಟಿಂಗ್ ಸಿಸ್ಟಮ್ ಪಾಠದ ಮೊದಲ ತರಗತಿ ನನಗೆ ಇವತ್ತಿಗೂ ನೆನಪಿದೆ. ಅದು ಏನು ಅಂತ ಕೇಳಿದರು. ಒಬ್ಬ ಎದ್ದು ಪುಸ್ತಕದಲ್ಲಿದ್ದ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸಿದ. ಸರ್ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಚಂದ ಹೇಳಿದಿ. ಕುಂದ್ರು. ನಿನಗ ಏನೂ ತಿಳಿದಿಲ್ಲ," ಎಂದರು. ಆಮೇಲೆ ಸಿರಿಗೇರಿಯ ಕಡೆ ತಿರುಗಿದರು.

"ನಿಮ್ಮೂರಾಗ ಬಯಲಾಟ ಆಡ್ತಾರೇನಲೇ?"

"ಆಡ್ತಾರ್ರಿ ಸರ."

"ಸಾರಥಿ ಏನ್ ಮಾಡ್ತಾನ?"

"ನಗಸ್ತಾನ್ರಿ."

"ಮತ್ತ?"

"ಬಂದೋರ್ನೆಲ್ಲ ಯಾರು ಅಂತ ಕೇಳ್ತಾನ್ರಿ."

"ಆಂ! ಅದs ಆಪರೇಟಿಂಗ್ ಸಿಸ್ಟಮ್. ಬರ್ಕೋರಿ."

ಬಯಲಾಟ ನೋಡದವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆಯ ಆಟದಲ್ಲಿ ರಾಜನಿರಲಿ, ರಾಕ್ಷಸನಿರಲಿ, ಕುಣಿಯುತ್ತಾ ಅಟ್ಟದ, ಅಂದರೆ ರಂಗದ, ಮೇಲೆ ಬಂದ ಯಾರೂ ಸುಮ್ಮನೆ ತನ್ನ ಮಾತು ಶುರುಮಾಡುವ ಹಾಗಿಲ್ಲ. ಮೊದಲಿಂದ ಕಡೆಯವರೆಗೆ ಅಟ್ಟ ಬಿಟ್ಟಿಳಿಯದ ಸಾರಥಿ ಎಂಬವನೊಬ್ಬ ಇರುತ್ತಾನೆ. ಅವನು ಎದುರು ನಿಂತು ಕೇಳುತ್ತಾನೆ: ತಾವು ಯಾರು, ತಮ್ಮ ಸ್ಥಳ ಯಾವುದು, ನಾಮಾಂಕಿತ ಏನು? ಬಂದವನು ಮೂರನ್ನೂ ಹೇಳಬೇಕು. ಹೇಳಿದ ಮೇಲೆಯೇ ಆಟ ಮುಂದಕ್ಕೆ ಹೋಗುವುದು. ನಮ್ಮ ಸರ್ ಕುರುಗೋಡಿನ ಮೇಳದಲ್ಲಿ ಹರೆಯದಿಂದಲೂ ಸಾರಥಿ ಪಾತ್ರ ಮಾಡಿದವರು. ಅದರ ಬಗ್ಗೆ ಅವರಿಗೆ ಇದ್ದ ಜಂಬ ಎಂ.ಟೆಕ್ ಪದವಿಯ ಬಗ್ಗೆ ಇರಲಿಲ್ಲ.

ಕಂಪ್ಯೂಟರಿನ ಒಳಗೂ ಹಾಗೆಯೇ, ಎಂದು ಅವರು ತೋರಿಸಿಕೊಟ್ಟರು. ನಮ್ಮ ಪ್ರಯೋಗಾಲಯದ ಯಂತ್ರ ಆಳೆತ್ತರದ ಕಬ್ಬಿಣದ ಬೀರುವಿನಂತಿತ್ತು. ಅದರೊಳಗೆ ಒಂದೊಂದು ಕೆಲಸಕ್ಕೆ ಒಂದೊಂದರಂತೆ ಸಾಲಾಗಿ ಕಾರ್ಡುಗಳೆಂಬ ವಿದ್ಯುತ್ ಹಲಗೆಗಳು, ಕಾರ್ಡುಗಳ ನಡುವೆ ಸುದ್ದಿ ಓಡಾಡುವ ತಂತಿಗಳ ಹಾದಿ. ಆ ಹಾದಿಗೆ ಬಸ್ ಎನ್ನುತ್ತಾರೆ. ಅದರ ಮೇಲೆ ಯಾರು ಯಾವಾಗ ಮಾತಾಡಬೇಕೆಂದು ನೋಡಿಕೊಳ್ಳುವುದು ಬಸ್ ಕಂಟ್ರೋಲರ್. ಒಂದೊಂದು ಬಗೆಯ ಕಾರ್ಡಿನೊಡನೆ ವ್ಯವಹರಿಸುವುದಕ್ಕೆ ಒಂದೊಂದು ಪ್ರೋಗ್ರಾಮು, ಅದು ಡ್ರೈವರ್. ಬಸ್ಸು, ಡ್ರೈವರು ಎಂದ ಕೂಡಲೇ ಹಿಂದಿನ ಬೆಂಚಿನವರು ಕಿಸಕ್ಕೆಂದರು. "ಆ ನಗಿಚಾಟಕಿ ಎಲ್ಲಾ ಕಾಲೇಜಿನ್ಯಾಗೂ ಮುಗದೈತಿ. ಹೊಸಾದಿದ್ರ ಹೇಳ್ರಿ," ಎಂದು ಸರ್ ಅವರ ಬಾಯಿ ಮುಚ್ಚಿಸಿದರು. ಯಂತ್ರಕ್ಕೆ ಕರೆಂಟು ಕೊಟ್ಟ ಕೂಡಲೇ ಆಪರೇಟಿಂಗ್ ಸಿಸ್ಟಮ್ ಎದ್ದು, ಕಂಟ್ರೋಲರನ್ನು ಕೇಳಿ, ಅದರ ಸಾಲಿನಲ್ಲಿರುವ ಕಾರ್ಡುಗಳನ್ನು ಒಂದೊಂದಾಗಿ ವಿಚಾರಿಸಿಕೊಂಡು, ಆಮೇಲೆ ಕೆಲಸ ಶುರುಮಾಡುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಬಿಡುವ ಆಸಾಮಿ ಅವರಲ್ಲ. ನಮ್ಮನ್ನು ವರಾಂಡಕ್ಕೆ ಎಬ್ಬಿಸಿಕೊಂಡು ಹೋಗಿ, ಒಬ್ಬನನ್ನು ಕಂಟ್ರೋಲರ್ ಮಾಡಿ, ಮಿಕ್ಕವರನ್ನು ಕಾರ್ಡು ಮಾಡಿ, ತಾವೇ ಸಾರಥಿಯಾಗಿ ಕುಣಿದುಕೊಂಡು ಬಂದು ಪ್ರತಿಯೊಬ್ಬರನ್ನೂ ಕೇಳುವರು. ಪ್ರಿನ್ಸಿಪಾಲರು ಎಷ್ಟೋ ಸಲ ಬಾಗಿಲಿಗೆ ಬಂದು ನೋಡಿ, ಹಣೆ ಚಚ್ಚಿಕೊಂಡು ಒಳಗೆ ಹೋಗಿದ್ದಾರೆ.

ಇನ್ನು ನನ್ನ ಕಥೆ. ನಮ್ಮಪ್ಪನದು ಸಿರುಗುಪ್ಪದಲ್ಲಿ ಭತ್ತದ ವ್ಯಾಪಾರ. ಮಗಳನ್ನು ಇಂಜಿನಿಯರಿಂಗಿಗೆ ಸೇರಿಸಲು ಒಪ್ಪಿದ್ದೇ ದೊಡ್ಡದು. ಬಳ್ಳಾರಿಯ ಗಾಂಧಿನಗರದಲ್ಲಿ ನನ್ನ ದೊಡ್ಡವ್ವನ ಮನೆ ಇತ್ತೆಂದು ಒಪ್ಪಿದ. "ಬಳ್ಳಾರಿ ತನಕ ಅಷ್ಟ. ಅದರಾಚಿ ಒಂದ್ ಹೆಜ್ಜಿ ಇಡ್ಬೇಕು ಅಂದ್ರ ಸಾಲಿ ಬಂದ್," ಎಂದು ಸೇರಿಸುವ ದಿನವೇ ಹೇಳಿದ್ದ. ಅಪ್ಪ ಒಮ್ಮೆ ಹೇಳಿದರೆ ಹೇಳಿದ. ನಾನೂ ಅವನ ಮಗಳೇ, ಆದರೆ ಆಗ ನನ್ನ ಹಟಕ್ಕೆ ಬೆಲೆ ಇರಲಿಲ್ಲ.

ಮೂರನೆಯ ವರ್ಷದಲ್ಲಿ ವಿಶ್ವವಿದ್ಯಾಲಯದಿಂದ ಆದೇಶ ಬಂತು. ಕೊನೆಯ ವರ್ಷದ ಪಾಠ ಇಲ್ಲೇ ನಡೆಯಬೇಕಾದರೆ ಒಟ್ಟಿಗೆ ಹದಿನಾರು ಟರ್ಮಿನಲ್ಲುಗಳು ಕೆಲಸ ಮಾಡಬೇಕು, ಪರೀಕ್ಷಕರು ಬಂದು ನೋಡುತ್ತಾರೆ. ಇಲ್ಲದಿದ್ದರೆ ಇಡೀ ತಂಡವನ್ನು ದೂರದ ಬೇರೆ ಕಾಲೇಜಿಗೆ ಕಳಿಸುವುದು. ನಮ್ಮಲ್ಲಿ ಇದ್ದವು ಎಂಟು. ಟರ್ಮಿನಲ್ ಎಂದರೆ ಒಂದು ಪರದೆ, ಒಂದು ಕೀಲಿಮಣೆ. ಎಂಟಕ್ಕೂ ಬುದ್ಧಿ ಆ ಒಂದೇ ಬೀರುವಿನಿಂದ. ಹುಡುಗರಿಗೆ ಇದು ಖುಷಿಯ ಸುದ್ದಿ, ಬೇರೆ ಊರು ನೋಡಬಹುದು. ನನಗೆ ಮಾತ್ರ ಅಪ್ಪನ ಮಾತು ನೆನಪಾಯಿತು. ಅಪ್ಪನಿಗೂ ಹೇಗೋ ಗೊತ್ತಾಗಿ, ಆದೋನಿ ಕಡೆಯ ಒಂದು ಗಂಡಿನ ಮನೆಯವರಿಗೆ "ಸ್ವಲ್ಪ ತಡೀರಿ, ಹೇಳಿ ಕಳಸ್ತೀವಿ" ಎಂದು ಹೇಳಿಟ್ಟ. ಫೋಟೋ ನೋಡಿದೆ. ಗಂಡು ಕೆಟ್ಟದೇನಿರಲಿಲ್ಲ ಪಾಪ, ಎರಡೂ ಕಿವಿ ಸರಿಯಾಗಿದ್ದವು. ನನ್ನ ಸಿಟ್ಟು ಅವನ ಮೇಲಲ್ಲ. ಮೂರು ವರ್ಷ ಓದಿ ಅರ್ಧಕ್ಕೆ ಬಿಡಬೇಕಲ್ಲ ಎಂಬುದರ ಮೇಲೆ.

ಕಾಲೇಜಿನವರು ಬೀರುವಿನ ಪಕ್ಕಕ್ಕೆ ಎರಡನೆಯ ಪೆಟ್ಟಿಗೆಯೊಂದನ್ನು ತರಿಸಿದರು. ಅದಕ್ಕೆ ಅದರದೇ ಬಸ್, ಅದರದೇ ಕಂಟ್ರೋಲರ್. ಒಳಗೆ ಇನ್ನೆಂಟು ಟರ್ಮಿನಲ್ಲುಗಳನ್ನು ನಡೆಸುವ ಒಂದು ಕಾರ್ಡು, ಮೊದಲಿನ ಪೆಟ್ಟಿಗೆಯಲ್ಲಿದ್ದಂಥದೇ. ಜೋಡಿಸಿದ ದಿನ ಪೂಜೆ. ಪ್ರಿನ್ಸಿಪಾಲರು ಕೋಟು ಹಾಕಿಕೊಂಡು ಬಂದು, ಕಾಯಿ ಒಡೆಸಿ, ಒಂದನೆಯ ಟರ್ಮಿನಲ್ಲಿನ ಮುಂದೆ ಕೂತರು. ಹೊಸ ಸಾಲಿನ ಮೊದಲನೆಯದಾದ ಒಂಬತ್ತನೆಯದರ ಮುಂದೆ ನನ್ನನ್ನು ಕೂರಿಸಿದರು. ನಾನು ಒಂದಕ್ಷರ ಒತ್ತಿದೆ. ಪರದೆ ಮೇಲೆ ಏನೂ ಬರಲಿಲ್ಲ. ಇನ್ನೊಂದು ಒತ್ತಿದೆ, ಇಲ್ಲ. ಸತ್ತ ಪರದೆ ಅಂದುಕೊಂಡು, ಬೇಸರಕ್ಕೆ ಬಾಯಿಗೆ ಬಂದದ್ದನ್ನು ಬೆರಳಿಗೆ ತಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹೊಡೆಯುತ್ತಾ ಕೂತೆ: ಪ್ರಿನ್ಸಿಪಾಲರ ಕೋಟಿನ ಗುಂಡಿ ಈಗ ಹಾರುತ್ತದೆ ನೋಡಿ, ಹೊಟ್ಟೆ ಕೋಟಿನ ಮಾತು ಕೇಳುತ್ತಿಲ್ಲ.

ಆಚೆ ತುದಿಯಲ್ಲಿ ಪ್ರಿನ್ಸಿಪಾಲರು ತಮ್ಮ ಪರದೆಗೆ ಮುಖವಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. "ಕೋ... ಟಿ... ನ... ಗುಂ... ಡಿ..." ನನ್ನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಸರ್ ಓಡಿ ಹೋಗಿ, "ಸರ, ಇದು ಟೆಸ್ಟಿಂಗ್ ಮಾತ್ರಿ, ಅರ್ಥ ಇರಂಗಿಲ್ಲ," ಎಂದು ಪರದೆಗೆ ತಮ್ಮ ಮೈಯನ್ನೇ ಅಡ್ಡ ಹಿಡಿದರು. ಆಮೇಲೆ ನನ್ನ ಬಳಿ ಬಂದು ಹಲ್ಲು ಕಚ್ಚಿ, "ಏ ಸಿರುಗುಪ್ಪಾ, ಕೈಗೆ ಬ್ರೇಕ್ ಹಾಕವಾ," ಎಂದರು. ಹೇಳುವಾಗ ಅವರಿಗೇ ನಗು ತಡೆಯಲಾಗುತ್ತಿರಲಿಲ್ಲ.

ನಗೆ ಅವತ್ತಿಗೆ ಮುಗಿಯಿತು. ಒಂಬತ್ತರಲ್ಲಿ ಒತ್ತಿದ್ದು ಒಂದರಲ್ಲಿ, ಹತ್ತರಲ್ಲಿ ಒತ್ತಿದ್ದು ಎರಡರಲ್ಲಿ. ಹೊಸ ಎಂಟು ಪರದೆಗಳೂ ಕಪ್ಪು, ಹಳೆಯ ಎಂಟರಲ್ಲಿ ಇಬ್ಬರಿಬ್ಬರ ಮಾತು ಕಲಸಿ ಗಲಾಟೆ. ಸರ್ ಮೊದಲು ಕೇಬಲ್ಲನ್ನು ಬೈದರು, ಬಿಚ್ಚಿ ಹೊಸದು ಹಾಕಿದರು. ಆಮೇಲೆ ಬಳ್ಳಾರಿಯ ಕೆಂಪು ಧೂಳನ್ನು ಬೈದರು, ನಾವೆಲ್ಲ ಚಪ್ಪಲಿ ಹೊರಗೆ ಬಿಟ್ಟು ಒದ್ದೆ ಬಟ್ಟೆ ಹಿಡಿದು ನೆಲ ಒರೆಸಿದೆವು. ಆಮೇಲೆ ಕರೆಂಟನ್ನು ಬೈದರು. ಪೆಟ್ಟಿಗೆಯ ಕಂಪನಿಯಿಂದ ಒಬ್ಬ ಇಂಜಿನಿಯರು ಹೈದರಾಬಾದಿನಿಂದ ಬಂದ, ಕಾರ್ಡುಗಳನ್ನು ಅದಲುಬದಲು ಮಾಡಿ ನೋಡಿ, ಎಲ್ಲ ಸರಿಯಿದೆ, ನಿಮ್ಮ ಡ್ರೈವರನ್ನು ಒಮ್ಮೆ ನೋಡಿಕೊಳ್ಳಿ ಎಂದ.

ಅಯ್ಯೋ, ಎನ್ನಬಾರದಿತ್ತು ಅವನು! ಆ ಟರ್ಮಿನಲ್ ಕಾರ್ಡಿನ ಡ್ರೈವರನ್ನು ಎರಡು ವರ್ಷದ ಹಿಂದೆ ಸ್ವತಃ ಬರೆದವರು ನಮ್ಮ ಸರ್. ಅದು ಅವರ ಹೆಮ್ಮೆಯ ಕೂಸು. "ನನ್ನ ಡ್ರೈವರ್ ಮ್ಯಾಲೆ ಕೈ ಇಡ್ತೀರೇನ್ರಿ? ಎರಡು ವರ್ಷ ಒಂದಿನಾನೂ ಸೀನಿಲ್ಲ ಅದು! ನಡೀರಿ, ಮಿರ್ಚಿ ತಿನ್ನೋಣು, ಆಮೇಲೆ ನಿಮ್ಮ ಪೆಟ್ಟಿಗಿ ಕಟ್ಕೊಂಡು ಹೋಗ್ರಿ," ಎಂದು ಕೂಗಾಡಿದರು. ಮಿರ್ಚಿ ತಿನ್ನಿಸಿಯೇ ಕಳಿಸಿದರು, ಅದು ಬೇರೆ ಮಾತು. ಮರುದಿನ ಸರ್ ಯಾರಿಗೂ ಹೇಳದೆ ಡ್ರೈವರಿನ ಮುದ್ರಿತ ಪ್ರತಿ ತೆಗೆದು ಮೇಲಿಂದ ಕೆಳಗೆ ಓದಿದ್ದನ್ನು ನಾನು ಕಣ್ಣಾರೆ ಕಂಡೆ. ಓದಿ, "ಏನೂ ಆಗಿಲ್ಲ ಇದಕ್ಕ," ಎಂದು ಮುಚ್ಚಿಟ್ಟರು.

ಪರೀಕ್ಷಕರು ಬರುವ ದಿನ ಹತ್ತಿರವಾಯಿತು. ಪ್ರಿನ್ಸಿಪಾಲರು ಹುಡುಗರಿಗೆ ಬೇರೆ ಊರಿಗೆ ಹೋಗುವ ತಯಾರಿ ಮಾಡಿಕೊಳ್ಳಿ ಎಂದುಬಿಟ್ಟರು. ಅವತ್ತು ಸರ್ ಮತ್ತೆ ಕೇಬಲ್ ಬಿಚ್ಚುತ್ತಾ ಕೂತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು.

"ಸರ್, ಆ ಕೇಬಲ್ ಬಿಡ್ರಿ. ಅದು ಏನ್ ಮಾಡೈತಿ ನಿಮಗ? ಈ ಕೆಲಸ ಆಗ್ಲಿಲ್ಲ ಅಂದ್ರ ನಿಮಗೇನಾಗ್ತೈತಿ, ಮುಂದಿನ ವರ್ಷಾನೂ ಪಾಠ ಮಾಡ್ತೀರಿ. ಇವರೆಲ್ಲಾ ಬ್ಯಾರೆ ಊರಿಗೆ ಹೋಗಿ ಓದ್ತಾರ. ನನ್ನ ಓದು ಇಲ್ಲಿಗೇ ನಿಂತ್ ಹೋಗ್ತೈತಿ. ನಿಮ್ಮ ಡ್ರೈವರ್ನ ಒಮ್ಮೆ ಬ್ಯಾರೇರಿಗೆ ತೋರಸ್ರಿ!"

ಆ ಕಾಲದಲ್ಲಿ ಮೇಷ್ಟ್ರಿಗೆ ಹಾಗೆ ಅನ್ನುವುದುಂಟೇ? ಸಿರಿಗೇರಿ ನನ್ನ ಕಡೆ, ಸತ್ತೆಯಲ್ಲೇ ಎನ್ನುವ ಹಾಗೆ ನೋಡಿದ. ಸರ್ ಕೇಬಲ್ ಕೆಳಗಿಟ್ಟರು. ನನ್ನ ಮುಖ ನೋಡಿದರು. "ಖರೇನ ಓದು ಬಿಡಸ್ತಾರೇನು?" ಎಂದು ಕೇಳಿದರು. ಹೌದೆಂದೆ. ಕಣ್ಣಲ್ಲಿ ನೀರು ಬಂದಿತ್ತು, ಮರೆಮಾಡಲು ಹೋಗಲಿಲ್ಲ. ಅವರು ಎದ್ದು, ಡ್ರೈವರಿನ ಮುದ್ರಿತ ಪ್ರತಿಯನ್ನು ಬೀರುವಿನ ಮೇಲಿಂದ ತೆಗೆದು ನನ್ನ ಕೈಗೆ ಕೊಟ್ಟು, "ಬರ್ರೆಲಾ ವರಾಂಡಕ್ಕ," ಎಂದರು.

ಈ ಸಲ ಎರಡು ಸಾಲು. ಆಫೀಸಿನ ಬಾಗಿಲ ಕಡೆ ಒಂದು, ಮೆಟ್ಟಿಲ ಕಡೆ ಇನ್ನೊಂದು. ಪ್ರತಿ ಸಾಲಿನ ತಲೆಗೂ ಕಂಟ್ರೋಲರಾಗಿ ಒಬ್ಬೊಬ್ಬ ಹುಡುಗ, ಹಿಂದೆ ಕಾರ್ಡುಗಳು. ಪ್ರತಿಯೊಂದು ಬಸ್ಸಿನಲ್ಲೂ ಕಾರ್ಡುಗಳ ಲೆಕ್ಕ ಮೊದಲಿಂದ ಶುರುವಾಗುವುದರಿಂದ ಎರಡು ಸಾಲಿನ ಟರ್ಮಿನಲ್ ಕಾರ್ಡಿಗೂ ಒಂದೇ ನಂಬರು. ಅದರಲ್ಲಿ ತಪ್ಪೇನಿಲ್ಲ, ಗಾಂಧಿನಗರದಲ್ಲಿ ಮೊದಲನೆ ಕ್ರಾಸಿನಲ್ಲೂ ಎಂಟನೇ ನಂಬರಿನ ಮನೆ ಇರುತ್ತದೆ, ಎರಡನೆಯದರಲ್ಲೂ ಇರುತ್ತದೆ. ಮೊದಲ ಸಾಲಿನ ಟರ್ಮಿನಲ್ ಕಾರ್ಡು ಸಿರಿಗೇರಿ. ಸರ್ ಎಂದಿನಂತೆ ಸಾರಥಿ. ನಾನು ಡ್ರೈವರ್. "ನೋಡು, ಆ ಹಾಳ್ಯಾಗ ಏನು ಬರದೈತೋ ಅಷ್ಟs ಮಾಡ್ಬೇಕು. ನಿನ್ನ ಬುದ್ಧಿ ಬಳಸಬ್ಯಾಡ," ಎಂದು ಎಚ್ಚರಿಸಿದರು.

ಸರ್ ಕುಣಿಯುತ್ತಾ ಬಂದು ಎರಡು ಸಾಲಿನವರನ್ನೂ ಕೇಳಿ ಮುಗಿಸಿದರು. ಆಪರೇಟಿಂಗ್ ಸಿಸ್ಟಮ್ಮಿಗೆ ಯಾರು ಎಲ್ಲಿದ್ದಾರೆಂದು ಸರಿಯಾಗಿ ಗೊತ್ತಾಯಿತು. ಆಮೇಲೆ ನನ್ನ ಕೈಗೆ ಒಂದು ಚೀಟಿ ಕೊಟ್ಟರು, ಒಂಬತ್ತನೆಯ ಟರ್ಮಿನಲ್ಲಿಗೆ ತಲುಪಿಸು ಎಂದು. ನಾನು ಹಾಳೆ ನೋಡಿದೆ. ಕಾರ್ಡಿನ ನಂಬರು ತಗೋ, ಅಲ್ಲಿಗೆ ಹೋಗು, ಕೊಡು. ಎರಡು ಹೆಜ್ಜೆ ಇಟ್ಟವಳು ನಿಂತೆ.

"ಸರ್, ಯಾವ ಸಾಲು?"

"ನೀನಾಗಿ ಕೇಳಬ್ಯಾಡ ಅಂದೀನಿ. ಹಾಳ್ಯಾಗ ಕೇಳು ಅಂತ ಐತೇನು?"

ಹುಡುಕಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ. "ಇಲ್ರಿ ಸರ್. ಸಾಲಿನ ಮಾತs ಇಲ್ಲ."

"ಹಂಗಾರ ಹೋಗಿ ಕೊಡು."

ಎದುರಿಗಿದ್ದದ್ದು ಮೊದಲ ಸಾಲು. ಹೋಗಿ ಸಿರಿಗೇರಿಯ ಕೈಗೆ ಚೀಟಿ ತುರುಕಿದೆ. ಅವನು ಓದಿ, "ಇದು ನಂದಲ್ಲವಾ, ಆ ಕಡೀದು," ಎಂದ. ಎರಡನೆಯ ಸಾಲಿನ ಟರ್ಮಿನಲ್ ಕಾರ್ಡಾದವನು ಮೆಟ್ಟಿಲ ಬಳಿ ಕೈಚಾಚಿಕೊಂಡು ನಿಂತೇ ಇದ್ದ. ಸರ್ ಇನ್ನೊಂದು ಚೀಟಿ ಕೊಟ್ಟರು, ಅದೂ ಸಿರಿಗೇರಿಗೆ ಹೋಯಿತು. ಮತ್ತೊಂದು ಕೊಡಲು ಎತ್ತಿದ ಸರ್ ಕೈ ಹಾಗೆಯೇ ನಿಂತಿತು.

ಹುಡುಗರಿಗೆಲ್ಲ ಅರ್ಥವಾಗಿತ್ತು. ಸರ್ ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ನೋಡಿದರು. ಮೆಟ್ಟಿಲ ಮೇಲೆ ಕೂತರು. ಅಷ್ಟು ದೊಡ್ಡ ಮನುಷ್ಯ ಒಮ್ಮೆಲೇ ಸಣ್ಣಗಾದ ಹಾಗೆ ಕಂಡು ನನಗೆ ಯಾಕಾದರೂ ಬಾಯಿ ಮಾಡಿದೆನೋ ಅನ್ನಿಸಿತು. ಗದ್ದಲ ನಿಂತದ್ದು ಕೇಳಿ ಪ್ರಿನ್ಸಿಪಾಲರೂ ಬಾಗಿಲಿಗೆ ಬಂದರು. ಗದ್ದಲವಾದರೆ ಬರುತ್ತಿದ್ದ ಅವರು, ಅವತ್ತು ಗದ್ದಲ ನಿಂತದ್ದಕ್ಕೆ ಹೆದರಿ ಬಂದಿದ್ದರು.

"ಏನಾಯ್ತ್ರೀ?" ಎಂದು ಕೇಳಿದರು.

ಸರ್ ಎದ್ದು ನಿಂತರು. ಹೆಗಲ ಮೇಲೆ ಇಲ್ಲದ ಶಲ್ಯವನ್ನು ಸರಿಮಾಡಿಕೊಂಡರು. ಆಮೇಲೆ, ದೇವರಾಣೆಗೂ, ಆ ವರಾಂಡದಲ್ಲಿ ಮೇಳದ ದನಿ ತೆಗೆದು, ಕಾಲು ಬಡಿದು ಕುಣಿದು ಹೇಳಿದರು: "ಪ್ರಿನ್ಸಿಪಾಲ್ ಸಾಹೇಬ್ರ, ಮೂವತ್ತು ಊರಾಗ ಸಾರಥಿ ಕಟ್ಟಿದವ ನಾನು! ಬಂದೋರ್ನೆಲ್ಲಾ ಸ್ಥಳ ಕೇಳಿದವ! ನಾನs ಬರದ ಡ್ರೈವರಿನ್ಯಾಗ ಸ್ಥಳ ಕೇಳಾಕ ಮರ್ತೀನ್ರಿ! ಬರಿಯಾಗ ಒಂದs ಪೆಟ್ಟಿಗಿ ಇತ್ತು. ಎರಡನೇದು ಬರಂಗಿಲ್ಲ ಅಂತ..." ಇಲ್ಲಿ ಕುಣಿಯುವ ಕಾಲು ನಿಲ್ಲಿಸಿದರು. "ಅಂತ ಅನ್ಕೊಂಡೆ."

ಅನ್ಕೊಂಡೆ ಎಂದ ಕೂಡಲೇ ಸಿರಿಗೇರಿಯ ನಗು ಸ್ಫೋಟವಾಯಿತು. ಆಮೇಲೆ ಯಾರನ್ನು ಯಾರು ಹಿಡಿಯಬೇಕು? ಸರ್ ಎಲ್ಲರಿಗಿಂತ ಜೋರಾಗಿ ನಕ್ಕರು. ಪ್ರಿನ್ಸಿಪಾಲರಿಗೆ ಏನೂ ಅರ್ಥವಾಗದಿದ್ದರೂ ನಕ್ಕರು, ಅವತ್ತು ಅವರ ಕೋಟಿನ ಗುಂಡಿಗೆ ನಿಜವಾಗಿ ಅಪಾಯವಿತ್ತು.

ಸರಿಪಡಿಸುವ ಕೆಲಸಕ್ಕೆ ಸರ್ ಕೂರುತ್ತಾರೆಂದು ನಾವು ತಿಳಿದಿದ್ದೆವು. ಅವರು ಕುರ್ಚಿಯನ್ನು ನನ್ನ ಕಡೆ ತಳ್ಳಿದರು.

"ನೀನು ತಿದ್ದು."

"ನೀವು ಬರ್ದಿದ್ದಲ್ರಿ ಸರ್?"

"ಅದಕ್ಕs ನಾ ಮುಟ್ಟಂಗಿಲ್ಲ. ನನ್ನ ಕಣ್ಣು ಅಲ್ಲಿಗೆ ಬಂದು ಮತ್ತ ಜಾರತೈತಿ. ಆಗ್ಲೇ ಓದಿ, ಏನೂ ಆಗಿಲ್ಲ ಅಂದಿದ್ದೆನಲ್ಲ. ನಿನ್ನ ಕಣ್ಣು ನಿಂತೈತಿ, ನೀನs ಮಾಡು."

ಮಾಡಿದೆ. ಕೆಲಸ ಹೇಳುವಷ್ಟು ಸುಲಭವಿರಲಿಲ್ಲ. ಡ್ರೈವರ್ ಎಲ್ಲವನ್ನೂ ಒಂದೇ ಕಡೆ ನೆನಪಿಟ್ಟುಕೊಂಡಿತ್ತು: ಒಂದು ನಂಬರು, ಕಳಿಸಬೇಕಾದ ಅಕ್ಷರಗಳ ಒಂದೇ ರಾಶಿ. ಈಗ ಒಂದೊಂದು ಕಾರ್ಡಿಗೂ ಬೇರೆ ಬೇರೆ ಜಾಗ ಮಾಡಿ, ಯಾವ ಬಸ್ಸು ಎಂಬುದನ್ನು ಆಪರೇಟಿಂಗ್ ಸಿಸ್ಟಮ್ಮಿನಿಂದ ಕೇಳಿ ಅದರ ಜೊತೆಗೇ ಇಡಬೇಕಿತ್ತು. ಕೇಳಿದರೆ ಅದು ಯಾವತ್ತೂ ಹೇಳುತ್ತಿತ್ತು ಪಾಪ, ಕೇಳಿದವರಿರಲಿಲ್ಲ. ಮೊದಲ ಸಲ ನಾನು ತಿದ್ದಿದ್ದಕ್ಕೆ ಹದಿನಾರೂ ಪರದೆ ಕಪ್ಪಾಗಿ ಕೂತವು. ನಾನು ತಲೆ ಮೇಲೆ ಕೈಹೊತ್ತೆ. ಸರ್ ಹಿಂದೆ ಕೂತು ಮಿರ್ಚಿ ತಿನ್ನುತ್ತಾ, "ಭಾಳ ಚಲೋ ಆತು. ಈಗ ಎಲ್ಲಾರಿಗೂ ಒಂದs ನ್ಯಾಯ," ಎಂದರು. ಒಂದು ಮಾತ್ರ ಅವರು ಪಟ್ಟು ಹಿಡಿದು ಮಾಡಿಸಿದರು. ಎರಡನೆಯ ಪೆಟ್ಟಿಗೆ ಇಲ್ಲದಿದ್ದರೂ, ಕೆಟ್ಟಿದ್ದರೂ, ಮೊದಲಿನದು ಎದ್ದು ಕೆಲಸ ಮಾಡಬೇಕು. "ಕರೆದ್ರ ಬರ್ಲಿಲ್ಲ ಅಂದ್ರ ಸ್ವಲ್ಪ ಹೊತ್ತು ಕಾಯಿ. ಆಮೇಲೆ ಬಿಡು, ಆಟ ನಡಸು. ಒಬ್ಬ ವೇಷದವ ಬರ್ಲಿಲ್ಲ ಅಂತ ಮಂದೀನ ಮನಿಗೆ ಕಳಸ್ತಾರೇನು?" ಎಂದರು.

ಪರೀಕ್ಷಕರು ಬಂದ ದಿನ ಬೆಳಿಗ್ಗೆಯೇ ಅಪ್ಪನೂ ಸಿರುಗುಪ್ಪದಿಂದ ಬಂದಿಳಿದ. ಗಂಡಿನ ಕಡೆಯವರಿಗೆ ಇನ್ನು ಕಾಯಲಾಗುವುದಿಲ್ಲವಂತೆ. ದೊಡ್ಡವ್ವನ ಮನೆಯಲ್ಲಿ ನನ್ನ ಟ್ರಂಕು ಕಟ್ಟಿಸಿ ಹೊಸಿಲ ಬಳಿ ಇಡಿಸಿ, "ಕಾಲೇಜಿನ್ಯಾಗ ಹೇಳಿ ಬರೋಣು ನಡಿ," ಎಂದು ನನ್ನ ಹಿಂದೆಯೇ ಬಂದ. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗಿನ ತಣ್ಣನೆ ಗಾಳಿಗೆ ಹೆಗಲ ವಸ್ತ್ರ ಹೊದ್ದುಕೊಂಡು ಗೋಡೆಗೆ ಒರಗಿ ನಿಂತ. ಸರ್ ಅವನನ್ನು ನೋಡಿ ಕೈಮುಗಿದರು.

ಬಂದವರು ಇಬ್ಬರು. ಒಬ್ಬರು ನಗುವವರು, ಇನ್ನೊಬ್ಬರು ನಗದವರು. ಹದಿನಾರು ಮಂದಿ ಕೂತೆವು, ಒಟ್ಟಿಗೆ ಹೊಡೆದೆವು. ಅವರವರ ಮಾತು ಅವರವರ ಮುಂದೆ. ನಗುವವರು ತಲೆಯಾಡಿಸಿದರು. ನಗದವರು ಎರಡನೆಯ ಪೆಟ್ಟಿಗೆಯ ಬಳಿ ಹೋಗಿ, ಇದನ್ನು ಆರಿಸಿ, ಆಮೇಲೆ ಯಂತ್ರ ಶುರುಮಾಡಿ, ನೋಡೋಣ ಎಂದರು. ಆರಿಸಿದೆವು. ಯಂತ್ರ ಎದ್ದಿತು. ಮೊದಲನೆಯ ಕಂಟ್ರೋಲರನ್ನು ಕೇಳಿತು, ಸಾಲು ವಿಚಾರಿಸಿತು. ಎರಡನೆಯದನ್ನು ಕೇಳಿತು. ಉತ್ತರವಿಲ್ಲ. ಪರದೆ ಮೇಲೆ ಅಕ್ಷರ ನಿಂತುಹೋಯಿತು. ಸಿರಿಗೇರಿ ಮೇಜಿನ ಕೆಳಗೆ ಕೈಮುಗಿದುಕೊಂಡಿದ್ದ. ನಾನು ಅಪ್ಪನ ಕಡೆ ನೋಡಲಿಲ್ಲ, ನೋಡಿದ್ದರೆ ಅಲ್ಲೇ ಅಳುತ್ತಿದ್ದೆ. ಹಾಗೆ ಕಾಯುತ್ತಾ ಕಾಯುತ್ತಾ, ಒಮ್ಮೆಲೇ ಅಕ್ಷರಗಳು ಮುಂದಕ್ಕೆ ಓಡಿದವು. ಹಳೆಯ ಎಂಟು ಟರ್ಮಿನಲ್ಲೂ ಎದ್ದು ಕೂತವು. ಪೆಟ್ಟಿಗೆಗೆ ಕರೆಂಟು ಕೊಟ್ಟು ಮತ್ತೆ ಶುರುಮಾಡಿದರೆ ಹದಿನಾರೂ ಎದ್ದವು.

ನಗದವರ ಮುಖದಲ್ಲೂ ಸ್ವಲ್ಪ ನಗು ಬಂತು. "ಈ ಡ್ರೈವರ್ ಯಾರು ಬರೆದದ್ದು?" ಎಂದು ಕೇಳಿದರು.

"ಬರದವ ನಾನ್ರಿ," ಎಂದರು ಸರ್. "ತಪ್ಪು ಬರದಿದ್ದೆ. ಸರಿ ಬರದಾಕಿ ಅಲ್ಲಿ ಕುಂತಾಳ್ರಿ, ಒಂಬತ್ತನೇದರಾಗ."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನೂ ತಿರುಗಿದ. ಪರೀಕ್ಷಕರು ಪ್ರಿನ್ಸಿಪಾಲರ ಕೋಣೆಗೆ ಚಹಾಕ್ಕೆ ಹೋದ ಮೇಲೆ ಅಪ್ಪ ನಿಧಾನವಾಗಿ ಸರ್ ಹತ್ತಿರ ಬಂದ.

"ಅಂದ್ರ ಮುಂದಿನ ವರ್ಷ ಇಕಿ ಇಲ್ಲೇ ಓದ್ತಾಳೇನ್ರಿ ಮಾಸ್ತರ?"

"ಮುಂದಿನ ವರ್ಷ ಇಲ್ಲೇ ಓದ್ತಾಳ್ರಿ. ಅದರ ಮುಂದಿನ ವರ್ಷ ಇಲ್ಲೇ ಕಲಸ್ತಾಳ್ರಿ. ನಾ ಪ್ರಿನ್ಸಿಪಾಲರಿಗೆ ಹೇಳೀನಿ."

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ, ಮಾರಾಟಕ್ಕೆ ಬಂದ ಭತ್ತವನ್ನು ಅಂಗೈ ಮೇಲೆ ಹಾಕಿಕೊಂಡು ನೋಡುವ ಹಾಗೆ. "ಕಲಸಾಕ ಬರ್ತೈತೇನ್ರಿ ಇಕೀಗೆ?"

"ನನಗ ಕಲಿಸ್ಯಾಳಲ್ರಿ ಯಜಮಾನ್ರ," ಎಂದರು ಸರ್.

ಅಪ್ಪ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಗಾಂಧಿನಗರಕ್ಕೆ ಹೋಗಿ, ಕಟ್ಟಿಸಿದ್ದ ಟ್ರಂಕಿನ ಹಗ್ಗವನ್ನು ತಾನೇ ಬಿಚ್ಚಿ ದೊಡ್ಡವ್ವನ ಕೈಗೆ ಕೊಟ್ಟು, ಸಂಜೆಯ ಬಸ್ಸಿಗೆ ಸಿರುಗುಪ್ಪಕ್ಕೆ ಒಬ್ಬನೇ ಹೋದ.